ಭಾನುವಾರದ ಮುಯ್ಯಾಳುಗಳು

ವಾರದ ಆರು ದಿನ ಮಕ್ಕಳ ಬಾಯಲ್ಲಿ ಇಂಗ್ಲಿಷು ಪಡುವ ಪಾಡನ್ನು ಕೇಳಿಸಿಕೊಂಡು ಬದುಕುವವಳು ನಾನು. ಭಾನುವಾರ ನನ್ನ ಪಾಲಿಗೆ ಬಾಯಿ ಮುಚ್ಚಿಕೊಂಡು, ಕಾಲು ಚಾಚಿಕೊಂಡು ಇರುವ ದಿನ. ಅದಕ್ಕೆ ಕೈ ಹಾಕಲು ಬಂದವರು ಯಾರೇ ಆಗಲಿ, ನನ್ನ ಮುಖ ಗಂಟಿಕ್ಕುತ್ತದೆ. ಆ ಶುಕ್ರವಾರ ಸಂಜೆ ಜಯಶೀಲ ಪಾಸ್ಟರು ಮನೆಯ ಮುಂದೆ ಬೈಕು ನಿಲ್ಲಿಸಿ, “ಮೇಡಂ, ಭಾನುವಾರ ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು” ಎಂದಾಗಲೂ ಗಂಟಿಕ್ಕಿತು.

ನಾನು ಅಪರ್ಣ. ಊರು ಶ್ರೀರಂಗಪಟ್ಟಣ, ಅಪ್ಪ ರಾಮಸ್ವಾಮಿ ದೇವಸ್ಥಾನದಲ್ಲಿ ಅರ್ಚಕರಾಗಿದ್ದವರು. ನಾನು ಮಾತ್ರ ಸರ್ಕಾರಿ ಹೈಸ್ಕೂಲಿನ ಇಂಗ್ಲಿಷ್ ಮೇಡಮ್ಮಾಗಿ ಅಕ್ಕಿಹೆಬ್ಬಾಳಿನ ಆಚೆ, ಹೇಮಾವತಿ ದಡದ ಈ ಕೊಪ್ಪಲಿಗೆ ಬಂದು ಬಿದ್ದಿದ್ದೇನೆ. ಕುಳ್ಳಮ್ಮನ ಮನೆಯ ಮುಂದಿನ ಕೋಣೆ ನನ್ನ ಬಾಡಿಗೆಯ ಕೋಣೆ. ಹೆಸರು ಕುಳ್ಳಮ್ಮ ಅಂತಿದ್ದರೂ ಆಳು ನನಗಿಂತ ಒಂದು ಗೇಣು ಎತ್ತರ. ವಯಸ್ಸಿಗೆ ಮರ್ಯಾದೆ ಕೊಟ್ಟು ಬಹುವಚನದಲ್ಲಿ ಮಾತಾಡಿಸಿದರೆ “ನಾನೇನ್ ತಾಸಿಲ್ದಾರಾ?” ಅಂತ ಜಗಳಕ್ಕೇ ಬರುತ್ತಾಳೆ. ಹಾಗಾಗಿ ಇಲ್ಲಿಯೂ ಏಕವಚನವೇ.

ಪಾಸ್ಟರು ಜಗಲಿಯ ತುದಿಯಲ್ಲಿ ಕೂತು ವಿಷಯ ಹೇಳಿದರು. ಅವರ ಚರ್ಚಿಗೆ ಸ್ಕಾಟ್ಲೆಂಡಿನಿಂದ ಇಬ್ಬರು ಬರುತ್ತಿದ್ದಾರೆ. ಅಲ್ಲಿನ ಸಭೆಯವರು ವರ್ಷಕ್ಕೊಮ್ಮೆ ಹೊರದೇಶಕ್ಕೆ ಸೇವೆಗೆಂದು ಹೊರಡುತ್ತಾರಂತೆ, ಈ ಸಲ ನಮ್ಮ ಕಡೆ. ನಾಗಮಂಗಲ, ಪಾಂಡವಪುರ ಎಲ್ಲ ಮುಗಿಸಿ ಈಗ ಕೆ.ಆರ್. ಪೇಟೆ ತಾಲ್ಲೂಕು. ಅವರಿಗೆ ಕನ್ನಡ ಬರುವುದಿಲ್ಲ; ಪಾಸ್ಟರ ಇಂಗ್ಲಿಷು ಓದುವುದಕ್ಕೆ ಸಾಕು, ಆಡುವುದಕ್ಕೆ ಸಾಲದು. ನಾನು ಮಧ್ಯೆ ನಿಂತು ಅನುವಾದ ಮಾಡಬೇಕು.

“ಬರೀ ನೋಡಿ ಹೋಗೋಕೆ ಬರೋದಾದ್ರೆ ಇಷ್ಟು ಯಾಕೆ ಬೆವರ್ತಿದೀರಿ?” ಎಂದೆ. ಪಾಪ, ಅವರ ಅಂಗಿಯ ಕಾಲರು ಒದ್ದೆಯಾಗಿತ್ತು.

“ನೋಡೋಕೇ ಮೇಡಂ. ಆದ್ರೆ ನೋಡಿ ಹೇಳ್ತಾರೆ. ಜನ ಇಲ್ಲದ ಹಳ್ಳಿ ಚರ್ಚುಗಳನ್ನ ಮುಚ್ಚಿ ಪೇಟೆ ಚರ್ಚಿಗೆ ಸೇರಿಸೋದು ಅಂತ ನಮ್ಮ ಮೇಲಿನವರು ತೀರ್ಮಾನ ಮಾಡವ್ರೆ. ಯಾವ್ದು ಇರ್ಬೇಕು, ಯಾವ್ದು ಮುಚ್ಬೇಕು ಅನ್ನೋದಕ್ಕೆ ಬರೋ ಇಬ್ಬರಲ್ಲಿ ಹಿರಿಯ ಅಮ್ಮನ ಮಾತೇ ಕೊನೆ. ಹೋದ ತಿಂಗಳು ನಾಗಮಂಗಲದ ಕಡೆ ಒಂದಕ್ಕೆ ಬೀಗ ಹಾಕಾಯ್ತು.” ಅವರು ಕಾಲರು ಎಳೆದುಕೊಂಡರು. “ನಮ್ಮಲ್ಲಿ ಎಷ್ಟು ಜನ ಅಂತ ನಿಮಗೇ ಗೊತ್ತು.”

ಗೊತ್ತಿತ್ತು. ಹತ್ತು ಜನವಾದರೆ ಅದೇ ಹಬ್ಬ. ಎಲ್ಲರೂ ಹಲ್ಲು ಹೋದವರು. ನದಿಗೆ ಹೋಗುವ ದಾರಿಯಲ್ಲಿ ಹೊಂಗೆಮರದ ಕೆಳಗಿರುವ ಆ ಪುಟ್ಟ ಹೆಂಚಿನ ಚರ್ಚಿನಿಂದ ಭಾನುವಾರ ಬೆಳಿಗ್ಗೆ ಕೇಳುವ ಹಾಡು ಎಷ್ಟು ನಿಧಾನವೆಂದರೆ, ಮೊದಲ ಸಾಲಿಗೆ ಹಲ್ಲುಜ್ಜಲು ಶುರುಮಾಡಿ ಎರಡನೆಯದಕ್ಕೆ ಮುಖ ತೊಳೆದು ಮುಗಿಸಬಹುದಿತ್ತು.

“ನನ್ನ ಎಲ್ಲಿಗಾದ್ರೂ ಹಾಕ್ತಾರೆ, ಹೋಗ್ತೀನಿ. ಸುವಾರ್ತಮ್ಮನ್ನ ಏನ್ ಮಾಡ್ಲಿ?” ಎಂದರು ಪಾಸ್ಟರು.

ಸುವಾರ್ತಮ್ಮ ಆ ಚರ್ಚನ್ನು ಗುಡಿಸುವವಳು, ಹೂ ಇಡುವವಳು, ಹೊಂಗೆಮರಕ್ಕೆ ತೂಗುಬಿಟ್ಟ ರೈಲುಕಂಬಿಯ ತುಂಡನ್ನು ಬಡಿದು ಗಂಟೆ ಮಾಡುವವಳು. ಗಂಡನ ಸಮಾಧಿ ಚರ್ಚಿನ ಹಿತ್ತಲಲ್ಲಿದೆ. ಮಕ್ಕಳಿಲ್ಲ, ಜಮೀನಿಲ್ಲ, ಮಂಡಿ ಎರಡೂ ಸೋತಿವೆ. ಬಸ್ಸಿನ ಮೆಟ್ಟಿಲು ಹತ್ತಲು ಇಬ್ಬರು ಹಿಡಿಯಬೇಕು. ಪೇಟೆಯ ಚರ್ಚು ಅವಳಿಗೆ ಸ್ಕಾಟ್ಲೆಂಡಿನಷ್ಟೇ ದೂರ.

ಅಷ್ಟು ಹೊತ್ತು ಬಾಗಿಲ ಬಳಿ ಮೊರದಲ್ಲಿ ರಾಗಿ ಕೇರುತ್ತಿದ್ದ ಕುಳ್ಳಮ್ಮ ಕೈ ನಿಲ್ಲಿಸಿದಳು.

“ಎಷ್ಟ್ ಆಳು ಬೇಕು ಅಯ್ನೋರೆ?”

“ಏನು ಆಳು?”

“ನಿಮ್ ಚರ್ಚ್ ತುಂಬಕ್ಕೆ. ಎಷ್ಟ್ ಇಡಿಸ್ತದೆ ಅದು?”

ಪಾಸ್ಟರು ಗಾಬರಿಯಾದರು. “ಬ್ಯಾಡ ಕುಳ್ಳಮ್ಮ. ಸುಳ್ಳು ಹೇಳಿ ದೇವರ ಮನೆ ಉಳಿಸ್ಕೊಳಕ್ಕಾಯ್ತದಾ?”

“ಸುಳ್ಳೆಲ್ಲಿ ಬಂತು? ಇದು ಮುಯ್ಯಿ.”

ಶ್ರೀರಂಗಪಟ್ಟಣದ ಅಗ್ರಹಾರದಲ್ಲಿ ಹುಟ್ಟಿದ ನನಗೆ ಮುಯ್ಯಿ ಅಂದರೆ ಮದುವೆ ಮನೆಯಲ್ಲಿ ಕೊಡುವ ಉಡುಗೊರೆ, ಅಷ್ಟೆ. ಇಲ್ಲಿಗೆ ಬಂದ ಮೇಲೆಯೇ ಮುಯ್ಯಾಳು ಅಂದರೇನೆಂದು ತಿಳಿದದ್ದು. ನಿನ್ನ ಗದ್ದೆ ನಾಟಿಗೆ ನಾನು ಬರುತ್ತೇನೆ, ನನ್ನ ಗದ್ದೆಗೆ ನೀನು ಬಾ. ಕೂಲಿಯ ಮಾತಿಲ್ಲ, ಬೆನ್ನಿಗೆ ಬೆನ್ನು. ಬಂದ ಆಳನ್ನು ತಿರುಗಿ ತೀರಿಸದೆ ಇಟ್ಟುಕೊಂಡವರನ್ನು ಊರು ನೋಡುವ ನೋಟ ಬೇರೆ.

ಕುಳ್ಳಮ್ಮನಿಗೆ ಅಂಥದ್ದೊಂದು ಬಾಕಿ ಇತ್ತು. ಹಿಂದಿನ ವರ್ಷ ಕಾಲುವೆಗೆ ನೀರು ತಡವಾಗಿ ಬಿಟ್ಟು, ಇಡೀ ಊರಿಗೆ ಒಟ್ಟಿಗೇ ನಾಟಿ ಬಂದು, ಆಳು ಸಿಗದೆ ಅವಳ ಪೈರು ಪಾತಿಯಲ್ಲೇ ಹಳದಿಯಾಗುತ್ತಿತ್ತು. ಗಂಡ ತಮ್ಮಯ್ಯ ಕಾಲು ಮುರಿದುಕೊಂಡು ಮಂಚದ ಮೇಲಿದ್ದ. ಆಗ ಸುವಾರ್ತಮ್ಮ ಸೋತ ಮಂಡಿ ಎಳೆದುಕೊಂಡು, ಚರ್ಚಿನ ಹೆಂಗಸರನ್ನೂ ಕರೆದುಕೊಂಡು ಬಂದು ಗದ್ದೆಗಿಳಿದಳು. ಸಂಜೆಯ ಹೊತ್ತಿಗೆ ನಾಟಿ ಮುಗಿದಿತ್ತು.

“ಅವತ್ತಿಂದ ನನ್ ಗಂಟ್ಲಲ್ಲಿ ಕುಂತದೆ ಅದು” ಎಂದಳು ಕುಳ್ಳಮ್ಮ. “ಅವ್ಳಿಗೆ ಗದ್ದೆ ಇಲ್ಲ, ಮದ್ವೆ ಮಾಡಕ್ಕೆ ಮಕ್ಳಿಲ್ಲ. ಎಲ್ಲಿ ಅಂತ ತೀರಿಸ್ಲಿ? ಈಗ ಒಂದು ಜಾಗ ಸಿಕ್ಕದೆ, ನೀವು ಅಡ್ಡ ನಿಲ್ಬ್ಯಾಡಿ.”

ಪಾಸ್ಟರು ಬಹಳ ಹೊತ್ತು ತಲೆ ಕೆರೆದುಕೊಂಡು ಒಂದು ಷರತ್ತು ಹಾಕಿದರು. ಬರುವವರು ಬರಲಿ, ಕೂರಲಿ, ಹಾಡಲಿ. ಆದರೆ ತಾನು ಈ ಚರ್ಚಿನವನು ಎಂದು ಯಾರೂ ಬಾಯಿ ಬಿಟ್ಟು ಹೇಳಕೂಡದು. “ಕೇಳುದ್ರೆ ತಾನೆ ಯೋಳದು” ಎಂದು ಕುಳ್ಳಮ್ಮ ಮತ್ತೆ ಮೊರ ಎತ್ತಿಕೊಂಡಳು. ಅಲ್ಲಿಗೆ ನನ್ನ ಭಾನುವಾರವೂ ಹೋಯಿತು.

ರಾತ್ರಿ ಅಪ್ಪನಿಗೆ ಫೋನು ಮಾಡಿದೆ. ಬೈಯುತ್ತಾರೇನೋ, ಅದೇ ನೆಪದಲ್ಲಿ ತಪ್ಪಿಸಿಕೊಳ್ಳೋಣ ಎಂಬ ಆಸೆ ಒಂದಿಷ್ಟು ಇತ್ತು. ಅಪ್ಪ ಬೈಯಲಿಲ್ಲ. “ಹೋಗಿ ಬಾಮ್ಮ. ತಲೆಗೆ ನೀರು ಹಾಕ್ಕೊಂಡು ಹೋಗು. ಯಾರ ಪೂಜೆಯಾದರೂ ಪೂಜೆಯೇ. ಒಂದು ಅಕ್ಷರ ಸೇರಿಸಬೇಡ, ಒಂದು ಅಕ್ಷರ ಬಿಡಬೇಡ” ಎಂದರು. ಜೀವಮಾನವೆಲ್ಲ ಮಂತ್ರ ಹೇಳಿದವರ ಬುದ್ಧಿ ಅದು. ನನಗೂ ಅನುವಾದದ ವಿಷಯದಲ್ಲಿ ಅದೇ ಜಂಬ.

ಶನಿವಾರ ಸುವಾರ್ತಮ್ಮನ ಮನೆಯಲ್ಲಿ ಅಭ್ಯಾಸ. ತಮ್ಮಯ್ಯ ನಮ್ಮೂರ ರಾಮಮಂದಿರದ ಭಜನೆ ಮೇಳದ ಯಜಮಾನ. ಕಾಲು ನೆಟ್ಟಗಾದ ಮೇಲೆ ಅವನ ಹಾರ್ಮೋನಿಯಂ ಇನ್ನೂ ಜೋರಾಗಿತ್ತು. ಡೋಲಕ್ಕು, ತಾಳ, ಹಿಮ್ಮೇಳ ಎಲ್ಲವನ್ನೂ ಕರೆತಂದಿದ್ದ. ಸುವಾರ್ತಮ್ಮ ಕಣ್ಣು ಮುಚ್ಚಿ, ಕಳೆದುಹೋದ ಕುರಿಯ ಹಾಡನ್ನು ಚರ್ಚಿನ ಧಾಟಿಯಲ್ಲಿ ಹೇಳಿಕೊಟ್ಟಳು. ಕುರಿ ಕಳೆದುಹೋಗುವ ಹೊತ್ತಿಗೇ ತಾಳದವನು ಎರಡು ಸಲ ಆಕಳಿಸಿದ.

“ಈ ರಾಗ್ದಲ್ಲಿ ಆಡುದ್ರೆ ನಿಂತಿರೋ ಎತ್ತೂ ಮಲೀಕತದೆ ಕಣಮ್ಮಿ” ಎಂದ ತಮ್ಮಯ್ಯ.

“ದೊರೆಗೋಳ ಕಾಲ್ದಿಂದ ಇದೇ ರಾಗ ಕಣಪ್ಪ” ಎಂದಳು ಸುವಾರ್ತಮ್ಮ.

“ಅದ್ಕೇ ಕನಾ ದೊರೆಗೋಳು ಎದ್ದೋಗ್ಬುಟ್ಟಿದ್ದು.”

ಸುವಾರ್ತಮ್ಮ ನಗುವುದೋ ಬೈಯುವುದೋ ತಿಳಿಯದೆ ಸೆರಗು ಬಾಯಿಗೆ ಇಟ್ಟುಕೊಂಡಳು. ತಮ್ಮಯ್ಯ ಅಷ್ಟರಲ್ಲಿ ಅದೇ ಹಾಡನ್ನು ಶ್ರಾವಣ ಶನಿವಾರದ ಭಜನೆಯ ಧಾಟಿಗೆ ಹತ್ತಿಸಿ ಆಗಿತ್ತು. ಕುರಿ ಈಗ ಓಡತೊಡಗಿತು. ಹಾಡು ಮುಗಿದಾಗ ಮಾತ್ರ ಹಿಮ್ಮೇಳದ ಬಾಯಿಂದ ತಂತಾನೆ “ಗೋವಿಂದಾ, ಗೋವಿಂದ” ಹೊರಬಿತ್ತು. ಕುಳ್ಳಮ್ಮ ಒಬ್ಬೊಬ್ಬರನ್ನೂ ಗುರಾಯಿಸಿದಳು. “ನಾಳೆ ಯಾವನಾದ್ರೂ ಅದ್ನ ಅಂದೀರಿ, ನಾಲ್ಗೆ ಕಿತ್ ಕೈಗ್ ಕೊಟ್ಟೇನು.” ಎಲ್ಲರೂ ಆಗಲಿ ಎಂದರು. ಹುಟ್ಟಿದಾಗಿನಿಂದ ಭಜನೆ ಮಾಡಿಕೊಂಡು ಬಂದ ನಾಲಿಗೆಗಳು, ಅವುಗಳ ಮೇಲೆ ನನಗಂತೂ ನಂಬಿಕೆ ಇರಲಿಲ್ಲ.

ಭಾನುವಾರ ಬಿಳಿ ಕಾರು ಬಂದು ಹೊಂಗೆಮರದ ಕೆಳಗೆ ನಿಂತಿತು. ಇಳಿದವರು ಐಲ್ಸಾ ಎಂಬ ಎತ್ತರದ, ಒಣಕಲು ಹಿರಿಯ ಹೆಂಗಸು ಮತ್ತು ಡಂಕನ್ ಎಂಬ ಕೆಂಪು ಮುಖದ ಗಂಡಸು. ಐಲ್ಸಾ ಅವರೇ ಮುಖ್ಯಸ್ಥೆ. ನಕ್ಕರೆ ಖರ್ಚಾದೀತು ಎನ್ನುವಂಥ ಮುಖ. ನನ್ನ ಕೈ ಕುಲುಕಿ, “ಇದು ತುಂಬ ಚಿಕ್ಕ ಸಭೆ ಎಂದು ಕೇಳಿದ್ದೆವು” ಎಂದರು. ನಾನು “ಕಟ್ಟಡ ಚಿಕ್ಕದು” ಎಂದೆ.

ಸುವಾರ್ತಮ್ಮ ಕಂಬಿ ಬಡಿದಳು. ಊರು ಹೊರಟಿತು. ಕುಳ್ಳಮ್ಮ ಮುಂದೆ, ಹಿಂದೆ ರೇಷ್ಮೆ ಸೀರೆ ಉಟ್ಟ ಹೆಂಗಸರು, ಅವರ ಹಿಂದೆ ಹಾರ್ಮೋನಿಯಂ ಹೊತ್ತ ಗಂಡಸರು. ಚಪ್ಪಲಿ ಸಾಲಾಗಿ ಬಿಟ್ಟರು. ಬಾಗಿಲವರೆಗೆ ಬಂದ ಕುಳ್ಳಮ್ಮ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಒಳಗೆ ಕಾಲಿಡುವ ಬದಲು ಎಡಕ್ಕೆ ತಿರುಗಿ ಚರ್ಚನ್ನು ಸುತ್ತತೊಡಗಿದಳು. ಕಾಲಿನ ಅಭ್ಯಾಸ, ತಲೆಗೆ ಅದು ಗೊತ್ತೂ ಆಗಿರಲಿಕ್ಕಿಲ್ಲ. ಹಿಂದಿನವರೆಲ್ಲ ಅವಳ ಬೆನ್ನು ಹಿಡಿದರು. ಹಾರ್ಮೋನಿಯಂ ಕೂಡ ಸುತ್ತು ಹಾಕಿತು.

“ಅವರು ಏನು ಮಾಡುತ್ತಿದ್ದಾರೆ?” ಐಲ್ಸಾ ಕೇಳಿದರು.

“ಒಳಗೆ ಬರುತ್ತಿದ್ದಾರೆ” ಎಂದೆ. ಸುಳ್ಳಲ್ಲ. ಸ್ವಲ್ಪ ಸುತ್ತಿಕೊಂಡು ಬರುತ್ತಿದ್ದರು, ಅಷ್ಟೆ. ಪಾಸ್ಟರು ಆಕಾಶ ನೋಡುತ್ತ ಏನೋ ಪ್ರಾರ್ಥಿಸುತ್ತಿದ್ದರು.

ಮೂರು ಸುತ್ತು ಮುಗಿಸಿ ಎಲ್ಲರೂ ಒಳಗೆ ಬಂದಾಗ ಬೆಂಚು ಸಾಲದೆ ಜನ ನೆಲದ ಮೇಲೆ ಕೂತರು. ಕಿಟಕಿಗಳಲ್ಲಿ ತಲೆಗಳು ತುಂಬಿದವು. ಚರ್ಚಿನವರು ಮುಂದಿನ ಬೆಂಚಿನಲ್ಲಿ, ಸ್ವಂತ ಮನೆಯಲ್ಲಿ ನೆಂಟರಿಗೆ ಹೆದರಿ ಕೂತವರಂತೆ ಮುದುಡಿ ಕೂತಿದ್ದರು. ಸುವಾರ್ತಮ್ಮ ಮಾತ್ರ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದಳು. ಅಷ್ಟು ಜನರನ್ನು ಅವಳು ಆ ನಾಲ್ಕು ಗೋಡೆಯ ನಡುವೆ ಎಂದೂ ಕಂಡಿರಲಿಲ್ಲ.

ತಮ್ಮಯ್ಯ ಹಾರ್ಮೋನಿಯಂ ಹಿಗ್ಗಿಸಿದ. ಮೊದಲ ಸಾಲನ್ನು ಅವನು ಎತ್ತಿಕೊಟ್ಟ, ಊರು ಹಿಂದಿರುಗಿಸಿತು. ಡೋಲಕ್ಕು ಏರಿತು, ತಾಳ ಏರಿತು, ಕುರಿ ಬೆಟ್ಟ ಹತ್ತಿ ಇಳಿದು ಹಳ್ಳ ಹಾರಿತು. ಹೆಂಚಿನ ಸಂದಿಯಿಂದ ಎರಡು ಪಾರಿವಾಳ ಹಾರಿಹೋದವು. ಡಂಕನ್ ಮೊದಲು ಟೋಪಿ ತೆಗೆದರು, ಆಮೇಲೆ ಅದೇ ಟೋಪಿಯನ್ನು ತೊಡೆಗೆ ತಟ್ಟಿ ತಾಳ ಹಾಕತೊಡಗಿದರು. ಮುಂದಿನ ಬೆಂಚಿನ ಮುದುಕರಿಗೂ ಹುರುಪು ಬಂದು ದನಿ ಸೇರಿಸಿದರು. ನಾನು ಕಾಲು ಕುಣಿಸುತ್ತಿದ್ದೆ ಎಂದು ಆಮೇಲೆ ಕುಳ್ಳಮ್ಮ ಊರಿಗೆಲ್ಲ ಹೇಳಿದಳು, ಇರಬಹುದು.

ಹಾಡು ತುದಿಗೆ ಬಂತು. ತಮ್ಮಯ್ಯ ಹಲ್ಲು ಕಚ್ಚಿದ. ಹಿಮ್ಮೇಳದವರೂ ತುಟಿ ಬಿಗಿದರು. ಒಂದು ಕ್ಷಣ ನಿಶ್ಶಬ್ದ. ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ ಕಿಟಕಿಯ ಕಡೆಯಿಂದ ಯಾವನೋ ಒಬ್ಬ “ಗೋವಿಂದಾ” ಎಂದ. ಮತ್ತೇನು, ಇಡೀ ಚರ್ಚು ಒಂದೇ ಉಸಿರಿಗೆ “ಗೋವಿಂದ” ಎಂದಿತು. ಹೆಚ್ಚು ಗಟ್ಟಿಯಾಗಿ ಅಂದವಳು ಕುಳ್ಳಮ್ಮನೇ.

ಐಲ್ಸಾ ನನ್ನ ಕಡೆ ಬಾಗಿದರು. “ಆ ಕೊನೆಯ ಪದದ ಅರ್ಥವೇನು?”

ಅಪ್ಪನ ಮಾತು ನೆನಪಾಯಿತು. ಒಂದಕ್ಷರ ಸೇರಿಸಬಾರದು, ಬಿಡಬಾರದು. “ದನ ಕಾಯುವವನು ಎಂದು” ಎಂದೆ. “ದೇವರನ್ನು ಹಾಗೆ ಕರೆಯುತ್ತಾರೆ.”

“ಓ” ಎಂದರು ಐಲ್ಸಾ. “ನಮ್ಮ ಕಡೆ ಕುರಿ.” ಸಮಾಧಾನವಾಗಿ ಹಿಂದಕ್ಕೆ ಒರಗಿ ಕೂತರು. ಪಾಸ್ಟರು ಕಣ್ಣು ತೆರೆದರು.

ನಂತರ ಅತಿಥಿಗಳ ಮಾತು. ಐಲ್ಸಾ ಎದ್ದು ನಿಂತು, ಮದ್ದಿನ ಚೀಟಿ ಓದುವವರ ದನಿಯಲ್ಲಿ, ತಮ್ಮ ಊರು ಸಮುದ್ರದ ದಡದಲ್ಲಿದೆ ಎಂದರು. ನಾನು ಕನ್ನಡದಲ್ಲಿ ಹೇಳಿದೆ. “ಹೂಂ” ಎಂದಳು ಕುಳ್ಳಮ್ಮ, ಗಟ್ಟಿಯಾಗಿ.

ನಮ್ಮ ಕಡೆ ಕಥೆ ಹೇಳುವವರಿಗೆ ಹೂಂಗುಟ್ಟದಿದ್ದರೆ ಅದು ಅವಮಾನ. ಕೇಳುವವರು ನಿದ್ದೆ ಹೋಗಿದ್ದಾರೆ ಎಂದು ಲೆಕ್ಕ. ಸ್ಕಾಟ್ಲೆಂಡಿನಲ್ಲಿ ಆ ಪದ್ಧತಿ ಇಲ್ಲವೆಂದು ಕಾಣುತ್ತದೆ. ಐಲ್ಸಾ ಬೆಚ್ಚಿ ನನ್ನನ್ನು ನೋಡಿದರು. “ಮುಂದುವರಿಸಿ ಎಂದು ಹೇಳುತ್ತಿದ್ದಾರೆ” ಎಂದೆ. ಅವರು ಮುಂದುವರಿಸಿದರು. ತಮ್ಮ ತಾಯಿ ಕುರಿ ಸಾಕುತ್ತಿದ್ದರು. “ಹೂಂ.” ಈ ಸಲ ಹತ್ತು ದನಿ. ಒಂದು ಚಳಿಗಾಲ ಬಹಳ ಹಿಮ ಬಿತ್ತು. “ಹೂಂ.” ಐವತ್ತು ದನಿ. ಐಲ್ಸಾ ಕೈಯಲ್ಲಿದ್ದ ಕಾಗದವನ್ನು ಮಡಚಿ ಚೀಲದೊಳಗೆ ಹಾಕಿಬಿಟ್ಟರು. ಗರ್ಭ ಕಟ್ಟಿದ್ದ ಒಂದು ಕುರಿ ಕಾಣೆಯಾಯಿತು, ತಾಯಿ ಲಾಟೀನು ಹಿಡಿದು ಹೊರಟರು ಎನ್ನುವಾಗ ಅವರ ದನಿಯೇ ಬದಲಾಗಿತ್ತು, ಕೈ ಲಾಟೀನು ಹಿಡಿದಂತೆ ಮೇಲೆದ್ದಿತ್ತು.

“ಒಬ್ರೇ ಓದ್ರಾ?” ಎಂದಳು ಹಿಂದಿನಿಂದ ಒಬ್ಬಳು.

“ಸಿಕ್ತಾ ಇಲ್ವಾ, ಮೊದ್ಲು ಅದ್ ಯೋಳಿ” ಎಂದ ತಮ್ಮಯ್ಯ.

ಸಿಕ್ಕಿತಂತೆ, ಮರಿಯ ಸಮೇತ. ಚರ್ಚು ನಿಟ್ಟುಸಿರು ಬಿಟ್ಟಿತು. ಐಲ್ಸಾರ ಕೆನ್ನೆ ಕೆಂಪಾಗಿತ್ತು. ಕೂತ ಮೇಲೆ ಡಂಕನ್ ಕಡೆ ತಿರುಗಿ, “ನಲವತ್ತು ವರ್ಷ ಮಾತಾಡಿದ್ದೇನೆ, ಒಬ್ಬರೂ ಆಮೇಲೇನಾಯಿತು ಎಂದು ಕೇಳಿರಲಿಲ್ಲ” ಎಂದರು. ಅದನ್ನು ಅನುವಾದ ಮಾಡಲು ಯಾರೂ ಹೇಳಲಿಲ್ಲ, ಆದರೂ ಮಾಡಿದೆ. ಕುಳ್ಳಮ್ಮ ಸುವಾರ್ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಮುಯ್ಯಿ ತೀರಿತು ಎಂದು ಅದರ ಅರ್ಥ.

ತೀರಿರಲಿಲ್ಲ. ಕೊನೆಯ ಪ್ರಾರ್ಥನೆಯಾದ ಮೇಲೆ ಐಲ್ಸಾ ಮತ್ತೆ ಎದ್ದರು. ಹೊರಡುವ ಮುಂಚೆ ಈ ಸಭೆಯ ಒಬ್ಬೊಬ್ಬ ಸದಸ್ಯರ ಕೈ ಕುಲುಕಬೇಕೆಂದು ಆಸೆ, ದಯವಿಟ್ಟು ಸದಸ್ಯರೆಲ್ಲ ಎದ್ದು ನಿಲ್ಲಬೇಕು ಎಂದರು.

ಪಾಸ್ಟರಿಗೆ ಅಷ್ಟು ಇಂಗ್ಲಿಷು ತಿಳಿಯುತ್ತಿತ್ತು. ಅವರ ಮುಖ ಸುಣ್ಣದಂತಾಯಿತು. ಇದನ್ನು ಸ್ವಲ್ಪ ತಿರುಚಿ, ಎಲ್ಲರೂ ಎದ್ದು ನಿಲ್ಲಿ ಎಂದುಬಿಟ್ಟರೆ ಚರ್ಚು ಉಳಿಯುತ್ತಿತ್ತು. ಒಂದೇ ಪದ. ಹಾಗೆ ಮಾಡಬೇಕೆಂದು ನನಗೆ ಬಹಳ ಅನ್ನಿಸಿತು. ಅಷ್ಟರಲ್ಲಿ ಪಾಸ್ಟರು ಮೆಲ್ಲಗೆ, “ಇದ್ದದ್ದು ಇದ್ದ ಹಾಗೆ ಹೇಳಿ ಮೇಡಂ” ಎಂದರು. ಹೇಳಿದೆ.

ಮುಂದಿನ ಬೆಂಚಿನ ಮುದುಕರು ಒಬ್ಬೊಬ್ಬರಾಗಿ, ಬೆಂಚು ಹಿಡಿದುಕೊಂಡು ಎದ್ದರು. ಹಿಂದೆ ಕುಳ್ಳಮ್ಮ ನೆಲಕ್ಕೆ ಕೈಯೂರಿ ಅರ್ಧ ಎದ್ದಿದ್ದಳು. ಸುವಾರ್ತಮ್ಮ ತಿರುಗಿ ನೋಡಿದಳು.

“ಕುಳ್ಳಿ, ಕುಂತ್ಕೊ.”

“ಸುಮ್ಕಿರು, ನಾ ಬಾಯ್ ಬುಟ್ಟು ಏನೂ ಯೋಳಕಿಲ್ಲ. ಬರೀ ನಿಂತ್ಕತೀನಿ.”

“ಕುಂತ್ಕೊ ಅಂದ್ನಲ್ಲ. ನನ್ ದೇವ್ರ ಮುಂದೆ ನಿನ್ ಕೈಲಿ ಸುಳ್ ಯೋಳುಸ್ಕಂಡು ಇದ್ನ ಉಳುಸ್ಕೊಳಕ್ಕೆ ನಂಗಿಷ್ಟ ಇಲ್ಲ.”

ಕುಳ್ಳಮ್ಮ ಕೂತಳು. ಅವಳು ಯಾರ ಮಾತಿಗಾದರೂ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಐಲ್ಸಾ ನಿಂತವರನ್ನು ನೋಡಿದರು, ಕೂತವರನ್ನು ನೋಡಿದರು. “ಉಳಿದವರು ಯಾರು?” ಎಂದರು.

ಪಾಸ್ಟರು ನನ್ನ ಕಡೆ ತಲೆಯಾಡಿಸಿದರು. ಮುಯ್ಯಾಳುಗಳು ಎಂದು ಹೇಳಲು ಹೊರಟೆ, ಇಂಗ್ಲಿಷು ಕೈಕೊಟ್ಟಿತು. ಸಾಲ ಅನ್ನೋಣವೆಂದರೆ ಸಾಲವಲ್ಲ, ಕೂಲಿ ಅನ್ನೋಣವೆಂದರೆ ಕೂಲಿಯಲ್ಲ, ದಯೆಯಂತೂ ಅಲ್ಲವೇ ಅಲ್ಲ. ಎಂ.ಎ. ಮಾಡಿದ್ದು ದಂಡವೆನ್ನಿಸಿ ನನ್ನ ಮೇಲೇ ಸಿಟ್ಟು ಬಂತು. ಕೊನೆಗೆ, “ಅದನ್ನು ಅವರ ಭಾಷೆಯಲ್ಲಿ ಮುಯ್ಯಿ ಎನ್ನುತ್ತಾರೆ. ಅವಳೇ ಹೇಳಲಿ” ಎಂದು ಕುಳ್ಳಮ್ಮನನ್ನು ತೋರಿಸಿದೆ.

ಕುಳ್ಳಮ್ಮ ಎದ್ದಳು, ಈ ಸಲ ಪೂರ್ತಿ.

“ಯೋಳವ್ವ ಅವ್ರಿಗೆ. ನಾವ್ ಈ ಚರ್ಚ್‌ನೋರಲ್ಲ. ಓದ್ ವರ್ಷ ನನ್ ಪೈರು ಒಣಗೋಯ್ತಿತ್ತು, ನನ್ ಗಂಡ ಬಿದ್ಕಂಡಿದ್ದ, ಒಂದು ನರಪಿಳ್ಳೆ ಇತ್ತ ತಲೆ ಹಾಕ್ಲಿಲ್ಲ. ಇವ್ಳು ಬಂದ್ಳು. ಈ ಮಂಡಿ ಇಟ್ಕಂಡು ದಿನವೆಲ್ಲ ನನ್ ಕೆಸ್ರಲ್ಲಿ ಬಗ್ಗಿದ್ಳು. ನಾ ಅದ್ನ ತೀರಿಸ್ಬೇಕಾ ಬ್ಯಾಡ್ವಾ? ಇವ್ಳಿಗೆ ಗದ್ದೆ ಇಲ್ಲ.” ಕೈಯಿಂದ ನೆಲ ತೋರಿಸಿದಳು. “ಇದೇ ಇವ್ಳ ಗದ್ದೆ. ಇದ್ನೂ ಮುಚ್ಬುಟ್ರೆ ಇವ್ಳ ಕೆಲ್ಸಕ್ಕೆ ನಾನು ಎಲ್ಲಿಗೆ ಬರ್ಲಿ?”

ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಹೇಳಿದೆ. ಸುವಾರ್ತಮ್ಮ ತಲೆ ತಗ್ಗಿಸಿಕೊಂಡು ಬೆಂಚಿನ ಮೇಲಿಲ್ಲದ ಧೂಳನ್ನು ಒರೆಸುತ್ತಿದ್ದಳು.

ಐಲ್ಸಾ ನಿಂತವರ ಕಡೆ ಕೈ ತೋರಿಸಿ, “ನಮ್ಮೂರ ಚರ್ಚಿನಲ್ಲಿ ಈಗ ಇಲ್ಲಿ ನಿಂತಿರುವಷ್ಟು ಜನವೂ ಇಲ್ಲ” ಎಂದರು. “ಪಕ್ಕದ ಮನೆಯವರು ಒಂದು ದಿನವೂ ಒಳಗೆ ಬಂದಿಲ್ಲ. ನಾವೂ ಅವರ ಬಾಗಿಲು ತಟ್ಟಿಲ್ಲ. ಹಾಡಿನಿಂದ ತುಂಬಿದ ಚರ್ಚು ಹೇಗಿರುತ್ತದೆ ಎಂದು ನೋಡಲು ಇಷ್ಟು ದೂರ ಬಂದೆ.”

ಅದನ್ನು ಕನ್ನಡದಲ್ಲಿ ಕೇಳಿ ಕುಳ್ಳಮ್ಮ ಮರುಗಿದಳು. “ಅಯ್ಯೋ ಪಾಪವೇ. ನಾಟಿಗೆ ಯಾರ್ ಬತ್ತರೆ ಮತ್ತೆ?”

ಡಂಕನ್‌ಗೆ ನಗು ತಡೆಯಲಾಗಲಿಲ್ಲ. ಐಲ್ಸಾ ಕೂಡ ಮೊದಲ ಸಲ ನಕ್ಕರು, ಖರ್ಚಿನ ಚಿಂತೆ ಇಲ್ಲದೆ. ಆಮೇಲೆ ಗಂಭೀರವಾಗಿ ನನ್ನನ್ನು ಕೇಳಿದರು: “ಇವರು ಇವತ್ತು ನನಗಾಗಿಯೂ ಹಾಡಿದರಲ್ಲ. ಈಗ ನಾನು ಇವರಿಗೆ ಮುಯ್ಯಿ ಸಲ್ಲಿಸಬೇಕೇ?”

“ಛೆ ಛೆ, ಅದೆಲ್ಲ ಏನಿಲ್ಲ” ಎಂದು ಪಾಸ್ಟರು ಕೈ ಮುಗಿದರು. ಆದರೆ ಆ ಇಂಗ್ಲಿಷಿನ ಮಧ್ಯೆ ಮುಯ್ಯಿ ಎಂಬುದು ಕುಳ್ಳಮ್ಮನ ಕಿವಿಗೆ ಬಿದ್ದಾಗಿತ್ತು. “ಬೇಕು ಅನ್ನು. ನಾಳೆ ಕಾಲುವೆ ಕೆಳ್ಗಡೆ ನಮ್ ಗದ್ದೆ ನಾಟಿ. ಒತ್ ಉಟ್ಟೋ ಒತ್ಗೆ ಬರಕ್ಕೇಳು.”

ಬರುವುದಿಲ್ಲವೆಂದು ನಾನು ತಿಳಿದಿದ್ದೆ. ಸೋಮವಾರ ಅರ್ಧ ದಿನ ರಜೆ ಹಾಕಿ ಗದ್ದೆಯ ಬದುವಿಗೆ ಹೋದದ್ದು ಬರೀ ಕುತೂಹಲಕ್ಕೆ. ಬಿಳಿ ಕಾರು ಆಗಲೇ ಕಾಲುವೆ ಏರಿಯ ಮೇಲಿತ್ತು. ಡಂಕನ್ ತಮ್ಮಯ್ಯನ ಲುಂಗಿ ಉಟ್ಟು, ಅದು ಯಾವಾಗ ಕೈಬಿಡುತ್ತದೋ ಎಂದು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಪೈರಿನ ಕಟ್ಟು ಎಸೆಯುತ್ತಿದ್ದರು. ಐಲ್ಸಾ ಪ್ಯಾಂಟು ಮಂಡಿಯ ಮೇಲಕ್ಕೆ ಮಡಚಿ ಹೆಂಗಸರ ಸಾಲಿನಲ್ಲಿ ಬಗ್ಗಿದ್ದರು. ಅವರು ನೆಟ್ಟ ಪೈರು ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ವಾಲುತ್ತಿತ್ತು. ಬದುವಿನ ಮೇಲೆ ಕೂತ ಸುವಾರ್ತಮ್ಮ ಕೈಗೆಟುಕಿದ್ದನ್ನೆಲ್ಲ ಕಿತ್ತು ಮತ್ತೆ ನೆಡುತ್ತಿದ್ದಳು. ಎರಡು ಸಲ ಐಲ್ಸಾ ಕೆಸರಿನಲ್ಲಿ ಕೂತುಬಿಟ್ಟರು. ಎರಡು ಸಲವೂ ಕುಳ್ಳಮ್ಮ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದಳು.

ಕೆಲಸ ಸಾಗಲೆಂದು ಕುಳ್ಳಮ್ಮ ಕಥೆ ಶುರುಮಾಡಿದಳು. ತನ್ನ ಅತ್ತೆ ಒಂದು ಸಲ ಮಾಕವಳ್ಳಿ ಸಂಬಂಧಿಕರ ಮದುವೆಗೆ ಹೋಗಿ ಬೇರೆ ಯಾರದೋ ಮದುವೆಯಲ್ಲಿ ಊಟ ಮಾಡಿ ಬಂದ ಕಥೆ. ಊರಿನವರು ಅದನ್ನು ಸಾಕಷ್ಟು ಸಲ ಕೇಳಿದ್ದರಿಂದ ಯಾರೂ ಹೂಂಗುಟ್ಟಲಿಲ್ಲ. ಕುಳ್ಳಮ್ಮನ ಮುಖ ಸಪ್ಪಗಾಯಿತು. ಆಗ ಕೆಸರಿನ ನಡುವಿನಿಂದ, ತಲೆಯೆತ್ತದೆ, ಐಲ್ಸಾ “ಹೂಂ” ಎಂದರು.

ಕುಳ್ಳಮ್ಮ ಕಥೆಯನ್ನು ಮೊದಲಿನಿಂದ ಹೇಳಿದಳು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅರ್ಧ ಗದ್ದೆ ಆಗಿತ್ತು. ಕುಳ್ಳಮ್ಮ ಸೊಂಟ ನೆಟ್ಟಗೆ ಮಾಡಿ, “ಸಾಕು, ಅವ್ರಿಬ್ರೂ ಮೇಲಕ್ಕೆ ಬರ್ಲಿ” ಎಂದಳು. ಐಲ್ಸಾ ಒಪ್ಪಲಿಲ್ಲ. ಸಾಲು ಇನ್ನೂ ಮುಗಿದಿಲ್ಲ, ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲ ಎಂದರು. ನಾನು ಬದುವಿನ ಮೇಲಿನಿಂದಲೇ ಆ ಕಡೆಗೂ ಈ ಕಡೆಗೂ ಹೇಳುತ್ತಿದ್ದೆ.

“ಉಳುದದ್ದು ಬರೋ ವರ್ಷ” ಎಂದಳು ಕುಳ್ಳಮ್ಮ, ಕಾಲುವೆಯ ನೀರಿನಲ್ಲಿ ಕೈ ತೊಳೆಯುತ್ತ. “ಮುಯ್ಯಿ ಬಾಕಿ ಇಟ್ಕಂಡೋರು ಬರ್ದೇ ಇರಕ್ಕಾಗಕಿಲ್ಲ, ಇದು ನಮ್ಮೂರ್ ಕಟ್ಟು. ಬಂದ್ ಮೇಲೆ ಭಾನ್ವಾರ ಎಲ್ಲಿ ಕುಂತ್ಕಂಡಾರು? ಚರ್ಚಿನ ಬಾಗ್ಲು ತಗ್ದೇ ಇರ್ಬೇಕಲ್ವಾ, ಅಂಗಂತ ಯೋಳು.”

ಸುವಾರ್ತಮ್ಮನ ಕೈಯಲ್ಲಿದ್ದ ಪೈರು ಅಲ್ಲೇ ನಿಂತಿತು. ನಾನು ಅದನ್ನು ಇಂಗ್ಲಿಷಿಗೆ ತಂದೆ, ಅಪ್ಪ ಹೇಳಿದ ಹಾಗೆ. ಐಲ್ಸಾ ನೆಟ್ಟ ಅರ್ಧವನ್ನು ನೋಡಿದರು, ನೆಡದ ಅರ್ಧವನ್ನು ನೋಡಿದರು, ಬದುವಿನ ಮೇಲೆ ಕೂತು ತಮ್ಮ ಮುಖವನ್ನೇ ನೋಡುತ್ತಿದ್ದ ಸುವಾರ್ತಮ್ಮನನ್ನು ನೋಡಿದರು. ಆಮೇಲೆ ಕೆಸರಿನ ಕೈಯನ್ನು ಅವಳ ಕೈಯ ಮೇಲಿಟ್ಟು, “ಹೂಂ” ಎಂದರು.

ಅದನ್ನು ನಾನು ಅನುವಾದ ಮಾಡಬೇಕಾಗಲಿಲ್ಲ.